ಬೋರ್ಡ್ ಬದಲಿಸುವ ಮುನ್ನ

ಸಿಂಧನೂರು ತಾಲ್ಲೂಕಿನ ಸಾಲಗುಂದದಲ್ಲಿ ಒಂದು ರೈತ ಕುಟುಂಬವಿದೆ ಎಂದಿಟ್ಟುಕೊಳ್ಳಿ. ಮಗಳು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ, ಮಗ ಎಂಟನೇ ತರಗತಿ. ಪಡಸಾಲೆಯ ಮೂಲೆಯಲ್ಲಿ 2014ರಲ್ಲಿ ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರ್. ಈಚೆಗೆ ಅದಕ್ಕೆ ಮೂರು ಕಾಯಿಲೆ. ಗುಂಡಿ ಒತ್ತಿದರೆ, ಪರದೆ ಸಿದ್ಧವಾಗುವಷ್ಟರಲ್ಲಿ ಚಹಾ ಕುಡಿದು ಬರಬಹುದು. ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಹತ್ತು ವರ್ಷ ಹಿಂದಕ್ಕೆ ಓಡುತ್ತದೆ. ಬೇಸಿಗೆಯ ಮಧ್ಯಾಹ್ನ ಅದು ತಾನಾಗಿಯೇ ಆರಿಹೋಗುತ್ತದೆ. ಅಂಗಡಿಯವರು ಫೋನಿನಲ್ಲೇ ತೀರ್ಪು ಕೊಟ್ಟಿದ್ದಾರೆ: ‘ಬೋರ್ಡ್ ಹಳೇದಾಗೈತ್ರಿ, ಹೊಸದು ಹಾಕಿಸಿಬಿಡ್ರಿ.’

ಭತ್ತ ಮಾರಿದ ಹಣವೇನೋ ಕೈಯಲ್ಲಿದೆ. ಆದರೆ ಗೊಬ್ಬರದಂಗಡಿಯ ಬಾಕಿಯೂ ಮಗಳ ಕಾಲೇಜು ಶುಲ್ಕವೂ ಅದೇ ಹಣದ ದಾರಿ ಕಾಯುತ್ತಿವೆ. ‘ಅಪ್ಪಾ, ಸಿಇಟಿ ಮುಗಿಯೋತನ ಇದು ನಡೀಬೇಕು’ ಎನ್ನುತ್ತಾಳೆ ಮಗಳು. ಹಾಗಾದರೆ ಮದರ್‌ಬೋರ್ಡ್ ಬದಲಿಸಬೇಕೆ, ಬೇಡವೆ?

ಮೊದಲು ಮದರ್‌ಬೋರ್ಡ್ ಎಂದರೇನು ಎಂಬುದು ತಿಳಿದಿರಲಿ. ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವುದು ಪ್ರೊಸೆಸರ್. ಕೈಯಲ್ಲಿರುವ ಕೆಲಸವನ್ನು ತಾತ್ಕಾಲಿಕವಾಗಿ ನೆನಪಿಡುವುದು ರ‍್ಯಾಮ್. ಶಾಶ್ವತವಾಗಿ ಕಾಪಾಡುವುದು ಹಾರ್ಡ್ ಡಿಸ್ಕ್. ಇವೆಲ್ಲವನ್ನೂ ಒಂದಕ್ಕೊಂದು ಜೋಡಿಸುವ ಹಲಗೆಯೇ ಮದರ್‌ಬೋರ್ಡ್. ಅದು ಸ್ವತಃ ಲೆಕ್ಕ ಮಾಡುವುದಿಲ್ಲ. ಆದ್ದರಿಂದ ಅದೊಂದನ್ನೇ ಹೊಸದಾಗಿ ತಂದು ಹಾಕಿದರೆ ಕಂಪ್ಯೂಟರಿನ ವೇಗ ಹೆಚ್ಚುವುದಿಲ್ಲ.

ಇನ್ನೊಂದು ತೊಡಕೂ ಇದೆ. 2013ರಲ್ಲಿ ಬಂದ ಇಂಟೆಲ್‌ನ ನಾಲ್ಕನೇ ತಲೆಮಾರಿನ ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು ಎಲ್‌ಜಿಎ 1150. ಅದರಲ್ಲಿ 1150 ಸಂಪರ್ಕ ಬಿಂದುಗಳಿವೆ, ಹೆಸರಿನಲ್ಲೇ ಲೆಕ್ಕವಿದೆ. ಹನ್ನೆರಡನೇ ತಲೆಮಾರಿಗೆ ಬರುವಾಗ ಆ ಸಂಖ್ಯೆ 1700 ಆಯಿತು. ಹಳೆಯ ಪ್ರೊಸೆಸರ್ ಹೊಸ ಬೋರ್ಡಿನಲ್ಲಿ ಕೂರದು. ಹಳೆಯ ಡಿಡಿಆರ್-3 ರ‍್ಯಾಮ್ ಕೂಡ ಡಿಡಿಆರ್-4ರ ಅಥವಾ ಡಿಡಿಆರ್-5ರ ಸೀಳಿಗೆ ಇಳಿಯದು. ತಪ್ಪಿ ತುರುಕಬಾರದೆಂದೇ ಅದರ ಕಚ್ಚನ್ನು ಬೇರೆ ಜಾಗದಲ್ಲಿ ಇಟ್ಟಿದ್ದಾರೆ. ಹೀಗಾಗಿ ‘ಬೋರ್ಡ್ ಬದಲಿಸಿ’ ಎಂದರೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಬದಲಿಸಿ ಎಂದೇ ಅರ್ಥ. ಜೊತೆಗೆ, ಕಂಪ್ಯೂಟರ್ ಕೊಂಡಾಗಲೇ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಆ ಬೋರ್ಡಿಗೇ ಕಟ್ಟಿಹಾಕಿದ್ದು. ಬೋರ್ಡ್ ಹೋದರೆ ಅದೂ ಹೋಯಿತು.

ಎಲ್ಲ ಕಂಪ್ಯೂಟರಿಗೂ ಇದೇ ಮಾತು ಅನ್ವಯಿಸುವುದಿಲ್ಲ. 2017ರಲ್ಲಿ ರೈಜನ್ ಪ್ರೊಸೆಸರುಗಳೊಂದಿಗೆ ಮನೆಮನೆಗೆ ಬಂದ ಎಎಂಡಿಯ ಎಎಂ4 ಸಾಕೆಟ್ ಹಲವು ತಲೆಮಾರುಗಳನ್ನು ಕಂಡಿತು. ಆ ಬಗೆಯ ಅನೇಕ ಬೋರ್ಡುಗಳಲ್ಲಿ ಬಯೋಸ್ ತಂತ್ರಾಂಶವನ್ನು ನವೀಕರಿಸಿ ಪ್ರೊಸೆಸರ್ ಒಂದನ್ನೇ ಬದಲಿಸಿದರೆ ಸಾಕು.

ಇನ್ನು ಸಾಲಗುಂದದ ಕಂಪ್ಯೂಟರಿನ ಮೂರು ಕಾಯಿಲೆಗಳನ್ನು ಒಂದೊಂದಾಗಿ ನೋಡೋಣ. ದಿನಾಂಕ ಹಿಂದಕ್ಕೆ ಓಡುವುದೇಕೆ? ವಿದ್ಯುತ್ ಇಲ್ಲದಾಗಲೂ ಗಡಿಯಾರ ನಡೆಯಲೆಂದು ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಅದರ ಹೆಸರು ಸಿಆರ್ 2032, ಶಕ್ತಿ 3 ವೋಲ್ಟ್. ಅದು ಸತ್ತರೆ ಗಡಿಯಾರವೂ ನಿಲ್ಲುತ್ತದೆ. ಆಗ ಅಂತರ್ಜಾಲದ ತಾಣಗಳೂ ತೆರೆಯುವುದಿಲ್ಲ. ಪ್ರತಿ ತಾಣದ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ; 2014ರಲ್ಲೇ ಇದ್ದೇನೆಂದು ನಂಬಿದ ಕಂಪ್ಯೂಟರಿಗೆ ಇಂದಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ! ಪರೀಕ್ಷಾ ಅರ್ಜಿಯ ಪುಟ ತೆರೆಯದಿದ್ದರೆ ಬೋರ್ಡನ್ನು ಬೈಯುವ ಮೊದಲು ದಿನಾಂಕ ನೋಡಬೇಕು. ಸೆಲ್ಲಿನ ಬೆಲೆ ಕೆಲವೇ ಹತ್ತು ರೂಪಾಯಿ.

ಮಧ್ಯಾಹ್ನ ಆರಿಹೋಗುವುದಕ್ಕೆ ಕಾರಣ ಶಾಖ ಇರಬಹುದು. ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ಪ್ರೊಸೆಸರಿನ ಮೇಲಿನ ಫ್ಯಾನಿಗೆ ಧೂಳು ಮೆತ್ತಿಕೊಂಡು, ಪ್ರೊಸೆಸರಿಗೂ ಲೋಹದ ಶಾಖಹಾರಿಗೂ ನಡುವಿನ ಲೇಪ ಒಣಗಿದರೆ, ಶಾಖ ಹೊರಹೋಗದು. ಉಷ್ಣತೆ ಸುಮಾರು 100 ಡಿಗ್ರಿಯ ಹತ್ತಿರ ಬಂದಾಗ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ, ಆಮೇಲೂ ತಣಿಯದಿದ್ದರೆ ತನ್ನ ರಕ್ಷಣೆಗಾಗಿ ಆರಿಕೊಳ್ಳುತ್ತದೆ. ಮದ್ದೇನು? ಪ್ಲಗ್ ಕಿತ್ತು, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ಹೊಸ ಲೇಪ ಹಚ್ಚುವುದು. ಆಗಲೂ ಆರಿದರೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಬದಲಿಸಿ ಪರೀಕ್ಷಿಸಬೇಕು.

ನಿಧಾನಕ್ಕೆ ಮುಖ್ಯ ಅಪರಾಧಿ ಹಾರ್ಡ್ ಡಿಸ್ಕ್. ಅದರ ತಟ್ಟೆ ನಿಮಿಷಕ್ಕೆ 7200 ಸಲ, ಅಂದರೆ ಸೆಕೆಂಡಿಗೆ 120 ಸಲ ತಿರುಗುತ್ತದೆ. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸುಮಾರು 4 ಮಿಲಿಸೆಕೆಂಡು ಕಾಯಬೇಕು. ಅದೇನು ಮಹಾ ಎನ್ನಬೇಡಿ. 3 ಗಿಗಾಹರ್ಟ್ಸ್ ವೇಗದ ಪ್ರೊಸೆಸರಿನ ಗಡಿಯಾರ ಅಷ್ಟರೊಳಗೆ 1.2 ಕೋಟಿ ಬಾರಿ ಮಿಡಿದಿರುತ್ತದೆ! ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದರೆ ಈ ಕಾಯುವಿಕೆ ಬಹುಮಟ್ಟಿಗೆ ಮಾಯ. ಜೊತೆಗೆ 4 ಜಿಬಿ ರ‍್ಯಾಮನ್ನು 8 ಜಿಬಿ ಮಾಡಿದರೆ ಹಳೆಯ ಯಂತ್ರ ಚುರುಕಾಗುತ್ತದೆ. ನಾಳೆ ಬೋರ್ಡ್ ಬದಲಿಸಿದರೂ ಈ ಎಸ್‌ಎಸ್‌ಡಿ ಅಲ್ಲಿಗೂ ಬರುತ್ತದೆ. ಡಿಡಿಆರ್-3 ರ‍್ಯಾಮ್ ಮಾತ್ರ ಬರುವುದಿಲ್ಲ. ಅದನ್ನು ಅಗ್ಗವಾಗಿ ಸಿಕ್ಕಿದರಷ್ಟೇ ಕೊಳ್ಳಬೇಕು.

ಮೊದಲು ಕೆಟ್ಟದ್ದನ್ನು ಗುರುತಿಸಬೇಕೆಂಬುದು ತುಂಗಭದ್ರೆಯ ನೀರುಣ್ಣುವ ಈ ಸೀಮೆಯವರಿಗೆ ಹೊಸ ಪಾಠವಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ತಜ್ಞರು ಒಂದು ವಾರದೊಳಗೆ ಆ ಒಂದು ಕಂಡಿಗೆ ತಾತ್ಕಾಲಿಕ ತಡೆ ಇಳಿಸಿ ನೀರು ಉಳಿಸಿದರು. ಎಲ್ಲ ಗೇಟುಗಳನ್ನೂ ಬದಲಿಸುವ ಕೆಲಸ ಆಮೇಲಿನದು. ಬೆಳೆ ನಿಂತಿರುವಾಗ ದೊಡ್ಡ ರಿಪೇರಿಗೆ ಕೈಹಾಕುವವರುಂಟೆ?

ಇನ್ನುಳಿದದ್ದು ವಿಂಡೋಸ್ ಪ್ರಶ್ನೆ. ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ, ಇಂಟೆಲ್‌ನದಾದರೆ ಬಹುತೇಕ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರೂ ಬೇಕು. ನಾಲ್ಕನೆಯದಕ್ಕೆ ಆ ಭಾಗ್ಯವಿಲ್ಲ. ಬೋರ್ಡ್ ಬದಲಿಸಲು ಇದೊಂದು ನಿಜವಾದ ಕಾರಣ. ಆದರೆ ಪಾಠ ಓದುವುದು, ವಿಡಿಯೊ ನೋಡುವುದು, ಅರ್ಜಿ ತುಂಬುವುದು, ಪೈಥಾನ್ ಕಲಿಯುವುದು ಇಷ್ಟೇ ಕೆಲಸವಾದರೆ ಉಬುಂಟು, ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಸಾಕು. ಅವುಗಳಲ್ಲಿ ಕನ್ನಡವೂ ಮೂಡುತ್ತದೆ, ಭದ್ರತಾ ನವೀಕರಣವೂ ಸಿಗುತ್ತದೆ.

ಬೋರ್ಡ್ ನಿಜಕ್ಕೂ ಸತ್ತಿದ್ದರೆ? ಅದರ ಮೇಲಿನ ಡಬ್ಬಿಯಂಥ ಕೆಪ್ಯಾಸಿಟರುಗಳ ನೆತ್ತಿ ಉಬ್ಬಿದ್ದರೆ ಅಥವಾ ಸರಿಯಿರುವ ಎಸ್‌ಎಂಪಿಎಸ್ ಮತ್ತು ರ‍್ಯಾಮ್ ಹಾಕಿದರೂ ಜೀವ ಬಾರದಿದ್ದರೆ ಅನುಮಾನ ಬೋರ್ಡಿನ ಮೇಲೆಯೇ. ಆಗ ಮೂರೂ ಭಾಗಗಳ ಬೆಲೆಯನ್ನು ಒಂದೇ ಚೀಟಿಯಲ್ಲಿ ಬರೆಸಿಕೊಳ್ಳಬೇಕು. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರಿದ್ದನ್ನೂ ಮರೆಯಬಾರದು. ಒಟ್ಟು ಮೊತ್ತ ಹೊಸ ಯಂತ್ರದ ಅರ್ಧ ಬೆಲೆ ದಾಟಿದರೆ ಹೊಸದರ ಯೋಚನೆಯೇ ಮೇಲು. ರಿಪೇರಿ ಯಾವುದೇ ಇರಲಿ, ಫೋಟೊಗಳನ್ನೂ ಟಿಪ್ಪಣಿಗಳನ್ನೂ ಬೇರೆ ಡ್ರೈವಿಗೆ ನಕಲು ಮಾಡಿಕೊಂಡ ಮೇಲೆಯೇ ಪೆಟ್ಟಿಗೆ ಬಿಚ್ಚಬೇಕು.

ಸಾಲಗುಂದದ ಆ ಮನೆಯಲ್ಲಿ ಬೋರ್ಡಿಗಿಂತ ಮಗಳ ವರ್ಷ ದೊಡ್ಡದು. ಇನ್ನೊಂದು ವರ್ಷಕ್ಕೆ ಅವಳು ಇಂಜಿನಿಯರಿಂಗ್‌ಗೋ ಕೃಷಿ ಪದವಿಗೋ ಹಾಸ್ಟೆಲ್ ಸೇರಿದರೆ, ಬೇಕಾಗುವುದು ಜೊತೆಗೆ ಒಯ್ಯಬಲ್ಲ ಲ್ಯಾಪ್‌ಟಾಪ್. ಇಂದು ಬೋರ್ಡಿಗೆ ಸುರಿದ ಹಣ ಪಡಸಾಲೆಯಲ್ಲೇ ಉಳಿಯುತ್ತದೆ. ಆದ್ದರಿಂದ ಈಗ ಸೆಲ್, ಲೇಪ, ಎಸ್‌ಎಸ್‌ಡಿ, ಲಿನಕ್ಸ್ ಇಷ್ಟು ಸಾಕು. ಮಿಕ್ಕ ಹಣ ಅವಳ ಹೆಸರಿನಲ್ಲಿ ಇರಲಿ. ಹಳೆಯ ಯಂತ್ರ ತಮ್ಮನಿಗೆ. ಅವನು ಅದರ ಮುಚ್ಚಳ ಬಿಚ್ಚಿ ಸೆಲ್ ಹಾಕುವುದನ್ನು ತಾನೇ ಕಲಿತರೆ ಅದೂ ಒಂದು ವಿಜ್ಞಾನದ ಪಾಠವೇ.