ಕಲಕಿದ ಮನಸ್ಸಿಗೆ ಉಸಿರೇ ಮದ್ದು



ಕಳೆದ ಮಳೆಗಾಲದಲ್ಲಿ ಬೆಳ್ತಂಗಡಿ ಕಡೆಯ ಹಿರಿಯ ಭಕ್ತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಎಪ್ಪತ್ತು ದಾಟಿದ ಜೀವ. ಅಡಿಕೆಗೆ ಕೊಳೆರೋಗ, ತಮ್ಮನೊಡನೆ ಜಾಗದ ತಗಾದೆ, ಮಕ್ಕಳು ದೂರದ ಊರಿನಲ್ಲಿ. "ಗುರುಗಳೇ, ಎರಡು ಹೊತ್ತಿನ ಲಿಂಗಪೂಜೆ ತಪ್ಪಿಸಿದವನಲ್ಲ. ಕೈಯಲ್ಲಿ ಲಿಂಗವಿರುತ್ತದೆ, ಮನಸ್ಸು ತೋಟಕ್ಕೂ ಕೋರ್ಟಿಗೂ ಅಲೆಯುತ್ತದೆ. ರಾತ್ರಿ ನಿದ್ದೆಯೂ ಇಲ್ಲ. ಇಂಥ ಪೂಜೆ ಶಿವನಿಗೆ ಸಲ್ಲುತ್ತದೆಯೇ?" ಎಂದು ಕೇಳಿದರು.

ನಾವು ಶಾಸ್ತ್ರ ಹೇಳಲಿಲ್ಲ. "ನಿಮ್ಮ ಉಸಿರು ಈಗ ಹೇಗೆ ಆಡುತ್ತಿದೆ, ನೋಡಿಕೊಳ್ಳಿ" ಎಂದೆವು. ಅದು ಎದೆಯ ಮೇಲೆ ಮೇಲೆಯೇ ಓಡುತ್ತಿತ್ತು.

ಸಿಟ್ಟು ಬಂದಾಗ ಉಸಿರು ಬಿರುಸಾಗುತ್ತದೆ. ಭಯವಾದಾಗ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಮನಸ್ಸು ಕೈಗೆ ಸಿಗುವ ವಸ್ತುವಲ್ಲ, ಉಸಿರು ಸಿಗುತ್ತದೆ. ಆರಾಮವಾಗಿರುವ ಮನುಷ್ಯ ನಿಮಿಷಕ್ಕೆ ಸುಮಾರು 12ರಿಂದ 20 ಬಾರಿ ಉಸಿರಾಡುತ್ತಾನೆ. ಉಸಿರು ಹೊರಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆಂದು ವೈದ್ಯಶಾಸ್ತ್ರವೂ ಹೇಳುತ್ತದೆ. 1989ರಲ್ಲಿ ಉಜಿರೆಯಲ್ಲಿ ಆರಂಭವಾದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಕಾಲೇಜಿನಲ್ಲಿ ಇಂದು ಮಕ್ಕಳು ಇದನ್ನೇ ವಿದ್ಯೆಯಾಗಿ ಕಲಿಯುತ್ತಿದ್ದಾರೆ.

ಈ ನಾಡಿಗೆ ಇದು ಹೊಸತೇನಲ್ಲ. ವೇಣೂರಿನಲ್ಲಿ 1604ರಲ್ಲಿ ನಿಲ್ಲಿಸಿದ ಬಾಹುಬಲಿಯನ್ನು ನೋಡಿ. ದೇಹದ ಮೋಹ ಬಿಟ್ಟು ಅಲುಗದೆ ನಿಂತ ಧ್ಯಾನ ಅದು. ನಮ್ಮ ಶಿವಯೋಗದಲ್ಲಿ ಎಡ ಅಂಗೈಯ ಇಷ್ಟಲಿಂಗದ ಮೇಲೆ ದೃಷ್ಟಿ ನೆಟ್ಟಾಗ ಉಸಿರು ತಾನಾಗಿ ಸಣ್ಣಗಾಗುತ್ತದೆ. ಆದರೆ ನಾವು ಪೂಜೆಯನ್ನು ಅವಸರದ ಕೆಲಸ ಮಾಡಿಕೊಂಡೆವು. ವಿಭೂತಿ, ಪತ್ರೆ ಉಳಿದವು, ನೋಟ ಉಳಿಯಲಿಲ್ಲ.

ಪೂಜೆಗೆ ಮೊದಲು ಹತ್ತು ನಿಮಿಷ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿ. ಮಂಡಿನೋವಿದ್ದವರು ಕುರ್ಚಿಯಲ್ಲೇ ಕೂರಬಹುದು. ಉಸಿರು ಒಳಗೆ ಬರುವಾಗ 'ನಮಃ', ಹೊರಗೆ ಹೋಗುವಾಗ 'ಶಿವಾಯ' ಎಂದು ಮನದಲ್ಲೇ ನೆನೆಯಿರಿ. ಹೊರಗಿನ ಉಸಿರು ತುಸು ಉದ್ದವಾಗಿರಲಿ. ಬಲವಂತವಾಗಿ ಉಸಿರು ಕಟ್ಟಬೇಡಿ. ರಕ್ತದೊತ್ತಡ, ಹೃದ್ರೋಗ ಇರುವವರಂತೂ ಕಟ್ಟಲೇಬಾರದು. ವೈದ್ಯರು ಕೊಟ್ಟ ಮಾತ್ರೆಯನ್ನೂ ಬಿಡಬೇಡಿ.

ಮನಸ್ಸು ಓಡಿಹೋದರೆ ಗದರಿಸಬೇಡಿ. ಮೆಲ್ಲಗೆ ಉಸಿರಿನ ಬಳಿಗೆ ಕರೆತನ್ನಿ. ಬಂಟ್ವಾಳದವರು ನೇತ್ರಾವತಿಯನ್ನು ಬಲ್ಲರು. ಆಟಿಯಲ್ಲಿ ಕೆಂಪಗೆ ಕಲಕಿ ಹರಿಯುವ ನೀರನ್ನು ಯಾರೂ ಸೋಸುವುದಿಲ್ಲ. ಮಳೆ ನಿಂತರೆ ಕೆಸರು ತಾನೇ ಇಳಿಯುತ್ತದೆ, ಕಾರ್ತಿಕದ ಹೊತ್ತಿಗೆ ತಳದ ಕಲ್ಲು ಕಾಣುತ್ತದೆ. ಮನಸ್ಸಿಗೂ ಅಷ್ಟೇ ಬಿಡುವು ಬೇಕು.

ಅವರ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇಷ್ಟೇ: ಮನಸ್ಸು ನೂರು ಸಲ ಹೋಗಲಿ, ನೂರು ಸಲವೂ ಮರಳಿ ತಂದರೆ ಆ ತರುವುದೇ ಪೂಜೆ, ಅದು ಶಿವನಿಗೆ ಸಲ್ಲುತ್ತದೆ.

ಮೊನ್ನೆ ಅವರು ಮತ್ತೆ ಬಂದಿದ್ದರು. ಜಾಗದ ತಗಾದೆ ಮುಗಿದಿಲ್ಲ, ಕೊಳೆರೋಗದ ನಷ್ಟ ತುಂಬಿಲ್ಲ. ಆದರೆ ನಿದ್ದೆ ಬರುತ್ತಿದೆಯಂತೆ. "ತಮ್ಮ ಎದುರು ಸಿಕ್ಕಿದರೆ ಮುಖ ತಿರುಗಿಸುತ್ತಿದ್ದೆ ಗುರುಗಳೇ, ಈಗ ಒಂದು ಉಸಿರು ತೆಗೆದುಕೊಂಡು ಮಾತಾಡಿಸುತ್ತೇನೆ" ಎಂದರು. ಧ್ಯಾನದ ಫಲವನ್ನು ಅಳೆಯುವುದು ಕಣ್ಣು ಮುಚ್ಚಿದಾಗ ಕಂಡ ಬೆಳಕಿನಿಂದಲ್ಲ. ಕಣ್ಣು ತೆರೆದ ಮೇಲೆ ಆಡುವ ಮಾತಿನಿಂದ.

ಸರ್ವರಿಗೂ ಸನ್ಮಂಗಳವಾಗಲಿ.