ಕರಟದ ಇದ್ದಲೂ ಕೊಳೆನೀರೂ

ಬೆಂಗಳೂರಿನ ಕೊಳೆನೀರನ್ನು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಎರಡು ಹಂತಗಳಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಯಿಸಲಾರಂಭಿಸಿದುದು ೨೦೧೮ನೆಯ ಇಸವಿಯ ಜೂನ್ ತಿಂಗಳಲ್ಲಿ. ಮರುತಿಂಗಳೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆಯೆದ್ದಿತು. ಉಚ್ಚನ್ಯಾಯಾಲಯವು ಕೆಲಕಾಲ ಆ ನೀರನ್ನು ತಡೆಯಿಸಿತು. ಬಳಿಕ ನೀರು ಮತ್ತೆ ಹರಿದು, ಅನೇಕ ಕಡೆ ಬತ್ತಿದ ಬಾವಿಗಳಲ್ಲಿ ಜಲವೇರಿತು. ಆ ಸಂತೋಷವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ನಮ್ಮ ಟೇಕಲ್ಲಿನ ಗೃಹಸ್ಥರು ಕೇಳುವುದುಂಟು: ಮನೆಯಲ್ಲಿ ಬಿಸಾಡುವ ಕರಟವನ್ನು ಇದ್ದಲುಮಾಡಿ ಸೋಸಿದರೆ ಇಂಥ ನೀರಿನ ವಿಷವು ಹೋಗುವುದೇ?

ಕೆಲವು ಹೋಗುವುವು, ಕೆಲವು ಉಳಿಯುವುವು. ಕರಟದ ಇದ್ದಲನ್ನು ಗಾಳಿಯಾಡದ ಕುಲುಮೆಯಲ್ಲಿ ೮೦೦-೯೦೦ ಸೆಂಟಿಗ್ರೇಡಿನವರೆಗೆ ಕಾಯಿಸಿ ಹಬೆ ಹಾಯಿಸಿದರೆ, ಅದರೊಳಗೆ ಕಣ್ಣಿಗೆ ಕಾಣದ ರಂಧ್ರಗಳು ಅಸಂಖ್ಯಾತವಾಗಿ ತೆರೆಯುತ್ತವೆ. ಅಂಥ ಒಂದೇ ಗ್ರಾಂ ಇದ್ದಲಿನ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು ೧,೦೦೦ ಚದರ ಮೀಟರು, ಎಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ನೆಲವಾದೀತು! ಬಣ್ಣ, ದುರ್ವಾಸನೆ, ಕೀಟನಾಶಕಗಳು ಆ ಗೋಡೆಗಳಿಗೆ ಅಂಟಿಕೊಳ್ಳುವುವು. ಬಚ್ಚಲೊಲೆಯ ಇದ್ದಲಿಗೆ ಈ ಶಕ್ತಿಯು ಅತ್ಯಲ್ಪ. ಕರಗಿದ ಉಪ್ಪನ್ನೂ ನೈಟ್ರೇಟನ್ನೂ, ನಮ್ಮ ಸೀಮೆಯ ಕೊಳವೆಬಾವಿಗಳಿಗೆ ಅಂಟಿದ ಫ್ಲೋರೈಡನ್ನೂ ಅದು ಹಿಡಿಯಲಾರದು.

ಫ್ಲೋರೈಡಿಗೆ ಬೇರೊಂದು ಕಸವುಂಟು; ಹೆಸರು ಕೇಳಿದರೆ ಮಡಿವಂತರು ಮೂಗು ಮುಚ್ಚಿಯಾರು. ಅದು ದನದ ಎಲುಬಿನ ಇದ್ದಲು. ಯಾವ ಗುಣದಿಂದ ಫ್ಲೋರೈಡು ನಮ್ಮ ಹಲ್ಲುಮೂಳೆಗಳನ್ನು ಸೇರಿ ಕೆಡಿಸುವುದೋ, ಅದೇ ಗುಣದಿಂದ ಸುಟ್ಟ ಎಲುಬಿಗೂ ಕಚ್ಚಿಕೊಳ್ಳುವುದು. ಆಫ್ರಿಕದ ಕೀನ್ಯದಲ್ಲಿ ಇಂಥ ಶೋಧಕಗಳನ್ನು ಬಳಸಿದ್ದಾರೆ. ಇಟ್ಟಿಗೆಯ ಪುಡಿಯೂ ಸ್ವಲ್ಪಮಟ್ಟಿಗೆ ಫ್ಲೋರೈಡನ್ನು ಹಿಡಿಯುವುದೆಂದು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಮಾಲೂರಿನ ಗೂಡುಗಳ ಬಳಿ ಒಡಕು ಇಟ್ಟಿಗೆಗೇನು ಬರ?

ಮನುಸ್ಮೃತಿಯಲ್ಲಿ ಹೆಸರು ಬಂದಿರುವ ಕತಕಫಲವು, ಎಂದರೆ ಚಿಲ್ಲದ ಬೀಜವು, ಕದಡಿದ ನೀರನ್ನು ತಿಳಿಯಾಗಿಸುವುದು ದಿಟವೇ. ಆದರೆ ಸೀಸ ಕರಗಿದ ನೀರೂ ಸ್ಫಟಿಕದಂತೆ ಕಾಣಬಹುದು.

ಇನ್ನೊಂದು ಮಾತು. ಇದ್ದಲಿಗೆ ಅಂಟಿದ ವಿಷವು ನಾಶವಾಗಲಿಲ್ಲ, ಸ್ಥಳ ಬದಲಾಯಿಸಿತು. ಕಾರ್ಖಾನೆಯ ನೀರನ್ನು ಸೋಸಿದ ಇದ್ದಲನ್ನು ತಿಪ್ಪೆಗೆ ಸುರಿದರೆ ಮಳೆಯೊಡನೆ ಅದು ಮತ್ತೆ ಬಾವಿಗಿಳಿದೀತು. ಮನೆಯ ಬಚ್ಚಲ ನೀರಿನ ಮಾತು ಬೇರೆ. ಇಟ್ಟಿಗೆಚೂರು, ಮರಳು, ಇದ್ದಲು ತುಂಬಿದ ಗುಂಡಿಯ ಮೂಲಕ ಅದನ್ನು ಬಾಳೆಯ ಬುಡಕ್ಕೆ ಧಾರಾಳವಾಗಿ ಬಿಡಬಹುದು. ಕುಡಿಯುವ ನೀರಿಗೆ ಆ ಗುಂಡಿಯನ್ನು ನಂಬಲಾಗದು. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ. ಫ್ಲೋರೈಡು ಲೀಟರಿಗೆ ೧.೫ ಮಿಲಿಗ್ರಾಮನ್ನು ಮೀರಿದ್ದರೆ ಅಡುಗೆಗೂ ಅದನ್ನು ಬಳಸಬೇಡಿರಿ. ಕುದಿಸಿದರೆ ಫ್ಲೋರೈಡು ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವು ಹೆಚ್ಚುವುದು.