ಒಂದು ಸಾಲಿನ ಶಿಫಾರಸು ಸಾಲದು

ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಯಾರೂ ಗಟ್ಟಿಯಾಗಿ ಆಡದ ಪ್ರಶ್ನೆಯೊಂದಿದೆ: "ನಾವು ಹೋದ ಮೇಲೆ ಈ ಮಗುವಿನ ಗತಿಯೇನು?" ಮಗು ಎನ್ನುತ್ತೇವೆ, ವಯಸ್ಸು ನಲವತ್ತಾಗಿರುತ್ತದೆ. ಬುದ್ಧಿ ಬೆಳವಣಿಗೆ ಕುಂಠಿತವಾದ ಇಂಥವರನ್ನು, ಹಗಲಿರುಳು ನೋಡಿಕೊಳ್ಳುವವರಿರುವ ವಸತಿಗೃಹಕ್ಕೆ ಸೇರಿಸುತ್ತೇವೆಂದರೆ ಸಾಕು, ನೆಂಟರಿಷ್ಟರು ಮೂಗು ಮುರಿಯುತ್ತಾರೆ. ಆದರೆ ಅವರಲ್ಲಿ ಒಬ್ಬರಾದರೂ ಒಂದು ತಿಂಗಳು ತಮ್ಮ ಮನೆಯಲ್ಲಿರಿಸಿಕೊಳ್ಳಲು ಮುಂದೆ ಬಂದದ್ದುಂಟೆ? ಯಾವ ಏರ್ಪಾಡೂ ಮಾಡದೆ ಕಣ್ಣು ಮುಚ್ಚುವುದೇ ನಿಜವಾದ ಕೈಬಿಡುವಿಕೆ.

ಏರ್ಪಾಡಾದರೂ ಹೇಗೆ ನಡೆದಿದೆ? ತಂದೆ ಆಸ್ಪತ್ರೆ ಸೇರಿದ ವಾರ ಓಡಾಟ ಆರಂಭ. ಡಾಕ್ಟರರ ಲೆಟರ್‌ಹೆಡ್ಡಿನಲ್ಲಿ ಒಂದೇ ಸಾಲು: "ಇವರಿಗೆ ವಸತಿ ಅಗತ್ಯ." ಜೊತೆಗೆ ಅಂಗವಿಕಲತೆ ಶೇಕಡಾ ಇಷ್ಟು ಎಂಬ ಸರ್ಟಿಫಿಕೇಟು. ಸರಕಾರಿ ಮೇಜಿನಲ್ಲಿ ಫೈಲು ಹೊರಳಿಸುವ ನಾವು ಬಲ್ಲೆವು, ಫೈಲಿನಲ್ಲಿ ಬರೆಯದ್ದು ಇಲ್ಲದ್ದಕ್ಕೆ ಸಮ. ಮಗ ಕನ್ನಡವೊಂದನ್ನೇ ಬಲ್ಲ, ಸ್ನಾನಕ್ಕೆ ಮೊದಲು ನೀರು ಮುಟ್ಟಿಸಿ ತೋರಿಸಬೇಕು, ಪಟಾಕಿ ಸದ್ದಿಗೆ ಮಂಚದಡಿ ಸೇರುತ್ತಾನೆ, ಫಿಟ್ಸಿನ ಮಾತ್ರೆ ರಾತ್ರಿ ಎಂಟಕ್ಕೆ ತಪ್ಪಬಾರದು. ಇವೆಲ್ಲ ತಾಯಿಯ ತಲೆಯಲ್ಲಿವೆ, ಕಾಗದದಲ್ಲಿಲ್ಲ. ಕನ್ನಡ ತಿಳಿಯದ ಮೇಲ್ವಿಚಾರಕರು "ಮಾತು ಬಾರದು, ಹಠಮಾರಿ" ಎಂದು ಬರೆದುಕೊಂಡರೆ ಹೊಣೆ ಯಾರು?

ಕಾನೂನಿಗೇನೂ ಕೊರತೆಯಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಂತೆ, ಹದಿನೆಂಟು ದಾಟಿದ ಇಂಥವರಿಗೆ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿಯಿರುವ ಸ್ಥಳೀಯ ಸಮಿತಿಗಳಿವೆ. ಆ ಟ್ರಸ್ಟಿನ 'ಘರೌಂದಾ' ಯೋಜನೆ ವಯಸ್ಕರ ಸಾಮೂಹಿಕ ವಸತಿಗೆಂದೇ ರೂಪುಗೊಂಡದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸಮಾಜದ ನಡುವೆ ಬಾಳುವ ಹಕ್ಕನ್ನು ಎತ್ತಿ ಹಿಡಿದಿದೆ. ಕೇಂದ್ರ ಸರಕಾರಿ ನೌಕರರ ಮಕ್ಕಳು ವೈಕಲ್ಯದಿಂದ ದುಡಿಯಲಾರದವರಾದರೆ, 2021ರ ಪಿಂಚಣಿ ನಿಯಮಗಳ ಷರತ್ತಿಗೊಳಪಟ್ಟು ಅವರಿಗೆ ಜೀವನಪರ್ಯಂತ ಕುಟುಂಬ ಪಿಂಚಣಿಯುಂಟು. ಇದಕ್ಕೆಲ್ಲ ಕಾಗದಪತ್ರ ಬೇಕು, ತಂದೆತಾಯಿ ಗಟ್ಟಿಯಾಗಿರುವಾಗಲೇ ಅವು ಸಿದ್ಧವಾಗಬೇಕು.

ನಮ್ಮ ಸಂಘಗಳು ಸನ್ಮಾನಕ್ಕೆ, ಹಾರತುರಾಯಿಗೆ, ರಾಜ್ಯೋತ್ಸವದ ಪೆಂಡಾಲಿಗೆ ಹಣ ಕೂಡಿಸಬಲ್ಲವು. ತಿಂಗಳಿಗೊಂದು ಭಾನುವಾರ ಒಂದು ಮೇಜು, ಅರ್ಜಿ ಬರೆದು ಕೈ ಪಳಗಿದ ಇಬ್ಬರು ನಿವೃತ್ತರನ್ನು ಕೊಡಲಾರವೆ? ಕಾಯಿಲೆ, ಔಷಧಿ, ತಾನೇ ಮಾಡಿಕೊಳ್ಳುವ ಕೆಲಸ, ನೆರವು ಬೇಕಾದ ಕೆಲಸ, ಊಟ, ಭಯ, ಇಷ್ಟ, ಬಂದು ನೋಡುವ ಬಂಧುಗಳು, ಖರ್ಚಿನ ಮೂಲ, ಎಲ್ಲವನ್ನೂ ಕೇಳಿ ಬರೆಯಲಿ. ಎಲ್ಲಿ, ಯಾರೊಡನೆ ಇರಬೇಕೆಂದು ಆ ಮಗನನ್ನೇ, ಮಗಳನ್ನೇ ಕೇಳಿಯೂ ಬರೆಯಲಿ. "ಈತನ ಭಾಷೆ ಕನ್ನಡ" ಎಂಬುದನ್ನು ಮೊದಲ ಪುಟದಲ್ಲೇ ಹಾಕಲಿ, ಅವನಾಡುವ ಇಪ್ಪತ್ತು ಮಾತುಗಳನ್ನು ಮರಾಠಿ, ಹಿಂದಿ ಅರ್ಥದೊಂದಿಗೆ ಜೋಡಿಸಲಿ.

ಕನ್ನಡ ಉಳಿಯಲೆಂದು ವೇದಿಕೆಯೇರಿ ಕೂಗುವ ನಾವು, ಪರಊರಿನ ವಸತಿಗೃಹದಲ್ಲಿ ಕನ್ನಡದಲ್ಲಿ ನೀರು ಕೇಳಿದವನಿಗೆ ನೀರು ಸಿಗುವಷ್ಟಾದರೂ ಕೆಲಸ ಮಾಡೋಣ.